ದಿಲ್ಲಿ ಶಾಸನಸಭೆಯಲ್ಲಿ ಬೆಳಗಾವಿಯ ವಕೀಲ

ಬೆಳಗಾವಿ: ದಿಲ್ಲಿಯ ವೃತ್ತಾಕಾರದ ಸಂಸತ್ ಭವನ 1927ರ ಜನವರಿ 18ರಂದು ಉದ್ಘಾಟನೆಗೊಂಡಿತು. ಅಲ್ಲಿ ಸಮಾವೇಶಗೊಂಡ ಕೇಂದ್ರ ಶಾಸನಸಭೆಯಲ್ಲಿ ಬೆಳಗಾವಿಯ ವಕೀಲ ದತ್ತಾತ್ರೇಯ ವೆಂಕಟೇಶ ಬೆಳವಿ ಅವರೂ ಸದಸ್ಯರಾಗಿದ್ದರು.

ವಕೀಲಿ ವೃತ್ತಿಯಿಂದ ಸಾರ್ವಜನಿಕ ಜೀವನಕ್ಕೆ ಬಂದ ಬೆಳವಿ, ಅದಕ್ಕೂ ಮುನ್ನ ಮುಂಬಯಿ ಶಾಸನ ಪರಿಷತ್ತಿನಲ್ಲಿ ಸೇವೆ ಸಲ್ಲಿಸಿದ್ದರು. ದಿಲ್ಲಿಯಲ್ಲಿ ಅವರು ಪ್ರತಿನಿಧಿಸಿದ್ದು ಮುಂಬಯಿ ಪ್ರಾಂತ್ಯದ ದಕ್ಷಿಣ ವಿಭಾಗದ ಮುಸ್ಲಿಮೇತರ ಗ್ರಾಮೀಣ ಕ್ಷೇತ್ರವನ್ನು. ಬೈಲಹೊಂಗಲ, ಕಿತ್ತೂರುಗಳಿದ್ದ ಸಂಪಗಾವಿ ತಾಲ್ಲೂಕು ಹಾಗೂ ಸವದತ್ತಿ ಕೇಂದ್ರವಾಗಿದ್ದ ಪರಸಗಡ ತಾಲ್ಲೂಕು ಅದರ ವ್ಯಾಪ್ತಿಗೆ ಸೇರಿದ್ದವು. ಆದರೆ ಮತದ ಹಕ್ಕು ಇದ್ದುದು ನಿಗದಿತ ಕಂದಾಯ, ತೆರಿಗೆ ಕಟ್ಟುವ ಕೆಲವರಿಗೆ ಮಾತ್ರ. ಅದೇ ಮಲಪ್ರಭೆಯ ದಂಡೆಯ ರಾಮದುರ್ಗ ದೇಶೀಯ ಸಂಸ್ಥಾನವಾಗಿತ್ತು. ಅಲ್ಲಿನ ಪ್ರಜೆಗಳಿಗೆ ಈ ಹಕ್ಕೂ ಇರಲಿಲ್ಲ.

1919ರ ಕಾಯ್ದೆಯಂತೆ ರಚಿತವಾದ ಸಭೆಯ 145 ಸದಸ್ಯರಲ್ಲಿ 104 ಮಂದಿ ಚುನಾಯಿತರು, ಉಳಿದವರು ಸರ್ಕಾರದ ನಾಮಕರಣ ಹೊಂದಿದವರು. ಚುನಾಯಿತರಿಗೆ ಬಹುಮತವಿದ್ದರೂ ಕೊನೆಯ ಮಾತು ವೈಸರಾಯ್‌ ಅವರದು. ಸಭೆ ತಿರಸ್ಕರಿಸಿದ ಉಪ್ಪಿನ ತೆರಿಗೆ ಏರಿಕೆಯನ್ನು 1923ರಲ್ಲಿ ಲಾರ್ಡ್ ರೀಡಿಂಗ್ ತಮ್ಮ ವಿಶೇಷಾಧಿಕಾರದಿಂದಲೇ ಜಾರಿಗೆ ತಂದಿದ್ದರು. ಬೆಳವಿ ಅವರಂಥ ಸದಸ್ಯರು ಪ್ರಶ್ನೆ, ಠರಾವು, ವಾದಗಳನ್ನೇ ಆಯುಧವಾಗಿಸಿಕೊಳ್ಳಬೇಕಾಯಿತು. ಇಂಥ ಮಿತಿಗಳ ನಡುವೆಯೂ ವಿಠ್ಠಲಭಾಯಿ ಪಟೇಲರ ಅಧ್ಯಕ್ಷತೆಯ ಆ ಸಭೆ 1929ರಲ್ಲಿ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆಯನ್ನು ಅಂಗೀಕರಿಸಿತು.

ರಾಮದುರ್ಗ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡಿತು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಅಲ್ಲಿನ ರೈತರೂ ಬೈಲಹೊಂಗಲ, ಸವದತ್ತಿಯವರಂತೆಯೇ ಮತ ಚಲಾಯಿಸುವ ಹಕ್ಕು ಪಡೆದರು. ಬೆಳವಿ ಅವರ ಕಾಲದ ಸಭೆಗೆ ಇಲ್ಲದಿದ್ದ ಬಲ ಹೊಸ ಲೋಕಸಭೆಗೆ ಬಂದದ್ದು ಆ ಮತಗಳಿಂದಲೇ.