ಸಾದಿ ಎಂಬ ಹೆಸರಿನ ಫ್ರೆಂಚ್ ಎಂಜಿನಿಯರ್

ನಮ್ಮ ಮನೆಯಲ್ಲಿ ದಾದಿ ಎಂದರೆ ನರ್ಸ್ ಅಲ್ಲ, ಅಬ್ಬಾ ಅವರ ತಾಯಿ. ನಾನು ಚಿಕ್ಕವಳಿದ್ದಾಗ ದಾದಿ ರಾತ್ರಿ ಮಲಗಿಸುವಾಗ ಶೇಖ್ ಸಾದಿಯವರ ಗುಲಿಸ್ತಾನ್ ಕಥೆಗಳನ್ನು ಉರ್ದುವಿನಲ್ಲಿ ಹೇಳುತ್ತಿದ್ದರು. ಶಿರಾಜ್ ನಗರದ ಆ ಪರ್ಷಿಯನ್ ಕವಿಯ ಹೆಸರನ್ನು ಒಬ್ಬ ಫ್ರೆಂಚ್ ಎಂಜಿನಿಯರ್‌ಗೂ ಇಟ್ಟಿದ್ದರು ಎಂಬುದು ನನಗೆ ಗೊತ್ತಾದದ್ದು ಕಳೆದ ಬೇಸಿಗೆಯಲ್ಲಿ, ಅದೂ ಒಂದು ಎ.ಸಿ. ಕೊಳ್ಳಲು ಹೋದಾಗ.

ನಮ್ಮ ಕಲಬುರಗಿಯ ಬಿಸಿಲು ನಿಮಗೆಲ್ಲ ಗೊತ್ತೇ ಇದೆ. ಸೆಕೆಗೆ ನಿದ್ದೆಯಿಲ್ಲದೆ ದಾದಿ ಎರಡು ಸಲ ತಲೆ ಸುತ್ತಿ ಬಿದ್ದರು. ಕೋಣೆ ತಂಪಾಗಿರಬೇಕು ಎಂದು ಡಾಕ್ಟರು ಹೇಳಿದರು. ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಎ.ಸಿ. ತೋರಿಸಿದರು. ಒಂದು ತ್ರೀ ಸ್ಟಾರ್, ಇನ್ನೊಂದು ಫೈವ್ ಸ್ಟಾರ್. ಬೆಲೆಯಲ್ಲಿ 8,000 ರೂಪಾಯಿ ವ್ಯತ್ಯಾಸ. ಅಬ್ಬಾ ನನ್ನ ಕಡೆ ತಿರುಗಿ, ಕಾಮರ್ಸ್ ಓದುವವಳು ನೀನೇ, ಲೆಕ್ಕ ಹಾಕಿ ಹೇಳು ಎಂದರು. ಲೇಬಲ್ ಮೇಲಿನ ಅಂಕಿಗಳು ನನಗೆ ಅರ್ಥವಾಗಲಿಲ್ಲ. ಎರಡು ದಿನ ಸಮಯ ಕೇಳಿದೆ. ಮರುದಿನ ವಿಜ್ಞಾನ ವಿಭಾಗದ ಭೌತಶಾಸ್ತ್ರ ಸರ್ ಅವರನ್ನು ಕೇಳಿದಾಗ, ಆ ಅಂಕಿಯ ಬೇರು ಸಾದಿ ಕಾರ್ನೋ ಅವರಲ್ಲಿದೆ, ಮೊದಲು ಅವರ ಬಗ್ಗೆ ಓದು ಎಂದರು.

ಕಾರ್ನೋ ಹುಟ್ಟಿದ್ದು 1796ರ ಜೂನ್ 1ರಂದು, ಪ್ಯಾರಿಸ್‌ನಲ್ಲಿ. ತಂದೆ ಲಾಜಾರ್ ಕಾರ್ನೋ ಗಣಿತಜ್ಞ, ಎಂಜಿನಿಯರ್, ಫ್ರೆಂಚ್ ಕ್ರಾಂತಿಯ ಕಾಲದ ದೊಡ್ಡ ನಾಯಕ. ಶೇಖ್ ಸಾದಿಯವರ ಕಾವ್ಯ ಅವರಿಗೆ ಬಹಳ ಇಷ್ಟ. ಅದಕ್ಕೇ ಮಗನಿಗೆ ಆ ಹೆಸರು. ಮಗನಿಗೆ ನಾಲ್ಕು ವರ್ಷವಾಗಿದ್ದಾಗ ನಡೆದದ್ದೆಂದು ತಮ್ಮ ಇಪೊಲಿತ್ ಬರೆದಿಟ್ಟ ಒಂದು ಪ್ರಸಂಗವಿದೆ. ನೆಪೋಲಿಯನ್ ತಮಾಷೆಗೆ ನೀರಿಗೆ ಕಲ್ಲೆಸೆದು ದೋಣಿಯಲ್ಲಿದ್ದ ಹೆಂಗಸರ ಬಟ್ಟೆ ಒದ್ದೆ ಮಾಡುತ್ತಿದ್ದರಂತೆ. ಪುಟ್ಟ ಸಾದಿ ಮುಷ್ಟಿ ಬಿಗಿದುಕೊಂಡು ಹೋಗಿ ದೇಶದ ದೊರೆಯನ್ನೇ ಗದರಿಸಿದನಂತೆ. ನೆಪೋಲಿಯನ್ ನಕ್ಕುಬಿಟ್ಟರಂತೆ.

16ನೇ ವಯಸ್ಸಿಗೆ, ಅಂದರೆ ನಾವು ಪಿಯುಸಿಗೆ ಸೇರುವ ವಯಸ್ಸಿಗೆ, ಅವರು ಎಕೋಲ್ ಪಾಲಿಟೆಕ್ನಿಕ್ ಸೇರಿದರು. 1814ರಲ್ಲಿ ಶತ್ರುಸೈನ್ಯ ಪ್ಯಾರಿಸ್‌ಗೆ ಬಂದಾಗ ಸಹಪಾಠಿಗಳೊಂದಿಗೆ ಯುದ್ಧಕ್ಕೂ ಹೋದರು. ಮುಂದಿನ ವರ್ಷ ನೆಪೋಲಿಯನ್ ಸೋತ ಮೇಲೆ ತಂದೆ ದೇಶ ಬಿಡಬೇಕಾಯಿತು. ಸೈನ್ಯದ ಎಂಜಿನಿಯರ್ ಆಗಿದ್ದ ಮಗನಿಗೆ ಕಾರ್ನೋ ಎಂಬ ಹೆಸರೇ ಭಾರವಾಯಿತು. ಕೊನೆಗೆ ಅರ್ಧ ಸಂಬಳದ ಮೇಲೆ ರಜೆ ಪಡೆದು ಪ್ಯಾರಿಸ್‌ನಲ್ಲಿ ಓದುತ್ತಾ ಕುಳಿತರು. 1821ರಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್‌ಗೆ ಹೋಗಿ ಗಡಿಪಾರಾಗಿದ್ದ ತಂದೆಯನ್ನು ಕಂಡು ಬಂದರು. ಎರಡು ವರ್ಷಗಳ ನಂತರ ತಂದೆ ಅಲ್ಲೇ ತೀರಿಕೊಂಡರು.

ಆಗ ಉಗಿಯಂತ್ರಗಳಲ್ಲಿ ಇಂಗ್ಲೆಂಡ್ ಮುಂದಿತ್ತು, ಫ್ರಾನ್ಸ್ ಹಿಂದಿತ್ತು. ಕಲ್ಲಿದ್ದಲಿನ ಶಾಖದಲ್ಲಿ ಬಹುಪಾಲು ವ್ಯರ್ಥವಾಗುತ್ತಿತ್ತು. ಎಲ್ಲರೂ ಯಂತ್ರವನ್ನು ಹೇಗೆ ಸುಧಾರಿಸುವುದು ಎಂದು ನೋಡುತ್ತಿದ್ದರು. ಈ ಸುಧಾರಣೆಗೆ ಒಂದು ಮಿತಿ ಇದೆಯೇ ಎಂದು ಕೇಳಿದವರು ಕಾರ್ನೋ. 1824ರಲ್ಲಿ, ತಮ್ಮ 28ನೇ ವಯಸ್ಸಿನಲ್ಲಿ, ಬೆಂಕಿಯ ಚಾಲಕಶಕ್ತಿಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ನೀರು ಎತ್ತರದಿಂದ ಕೆಳಗೆ ಬೀಳುವಾಗ ಗಿರಣಿ ತಿರುಗಿಸುವ ಹಾಗೆ, ಶಾಖ ಬಿಸಿ ಜಾಗದಿಂದ ತಣ್ಣನೆಯ ಜಾಗಕ್ಕೆ ಇಳಿಯುವಾಗ ಕೆಲಸ ಮಾಡುತ್ತದೆ. ಎಷ್ಟು ಕೆಲಸ ಸಿಗಬಹುದು ಎಂಬುದರ ಮಿತಿ ಆ ಎರಡು ಜಾಗಗಳ ಉಷ್ಣತೆಯ ಮೇಲೆ ನಿಂತಿದೆ. ಯಂತ್ರದೊಳಗೆ ಉಗಿ ಇರಲಿ, ಗಾಳಿ ಇರಲಿ, ಮಿತಿ ಅದೇ. ಇದನ್ನೇ ಹಿಂದುಮುಂದು ಮಾಡಿದರೆ, ಕೆಲಸ ಕೊಟ್ಟು ಶಾಖವನ್ನು ತಣ್ಣನೆಯ ಕಡೆಯಿಂದ ಬಿಸಿ ಕಡೆಗೆ ಹತ್ತಿಸಬಹುದು. ನಮ್ಮ ಫ್ರಿಜ್, ಎ.ಸಿ., ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಹೀಟ್ ಪಂಪ್ ಎಲ್ಲವೂ ಮಾಡುವುದು ಇದನ್ನೇ.

ಪುಸ್ತಕವನ್ನು ಹೆಚ್ಚು ಜನ ಓದಲಿಲ್ಲ. 1828ರಲ್ಲಿ ಅವರು ಸೈನ್ಯ ಬಿಟ್ಟರು. 1832ರ ಬೇಸಿಗೆಯಲ್ಲಿ ಕಾಯಿಲೆ ಬಿದ್ದು, ಆಗಸ್ಟ್ 24ರಂದು ಕಾಲರಾದಿಂದ ತೀರಿಕೊಂಡರು. ವಯಸ್ಸು 36. ಸೋಂಕಿನ ಭಯದಿಂದ ಅವರ ಕಾಗದಪತ್ರಗಳಲ್ಲಿ ಬಹಳಷ್ಟನ್ನು ನಾಶಮಾಡಿದರು. ಪುಸ್ತಕ ಬರೆಯುವಾಗ ಶಾಖವನ್ನು ಅವರು ಒಂದು ವಸ್ತುವೆಂದು ತಿಳಿದಿದ್ದರು. ಅದು ತಪ್ಪು, ಶಾಖವೆಂದರೆ ಚಲನೆ ಎಂದು ಆಮೇಲೆ ತಾವೇ ತಿದ್ದಿಕೊಂಡಿದ್ದರು. ಉಳಿದ ಟಿಪ್ಪಣಿಗಳಲ್ಲಿದ್ದ ಆ ಮಾತು ಅಚ್ಚಾದದ್ದು 1878ರಲ್ಲಿ. ಅಷ್ಟರಲ್ಲಿ ಕ್ಲಾಪೆರಾನ್, ಕೆಲ್ವಿನ್, ಕ್ಲಾಸಿಯಸ್ ಅವರ ವಿಚಾರವನ್ನು ಬೆಳೆಸಿದ್ದರು. ಕೆಲ್ವಿನ್ ಅವರು 1845ರಲ್ಲಿ ಪ್ಯಾರಿಸ್‌ನ ಪುಸ್ತಕದಂಗಡಿಗಳಲ್ಲಿ ಹುಡುಕಿದರೂ ಆ ಪುಸ್ತಕ ಸಿಕ್ಕಿರಲಿಲ್ಲ.

ಇಷ್ಟು ಓದಿದ ಮೇಲೆ ಲೇಬಲ್ ನೋಡಿದೆ. ನಮ್ಮ ದೇಶದಲ್ಲಿ ಸ್ಟಾರ್ ಲೇಬಲ್ ಶುರುವಾದದ್ದು 2006ರಲ್ಲಿ. ಅದರಲ್ಲಿ ಐ.ಎಸ್.ಇ.ಇ.ಆರ್. ಎಂಬ ಅಂಕಿ ಇರುತ್ತದೆ. ಅದು 4 ಎಂದಿದ್ದರೆ, ಒಂದು ಯೂನಿಟ್ ಕರೆಂಟು ತಿಂದು ಸರಾಸರಿ 4 ಯೂನಿಟ್‌ನಷ್ಟು ಶಾಖವನ್ನು ಕೋಣೆಯಿಂದ ಹೊರಹಾಕುತ್ತದೆ ಎಂದರ್ಥ. ಹೊರಗೆ 40 ಡಿಗ್ರಿ, ಒಳಗೆ 24 ಡಿಗ್ರಿ ಇದ್ದರೆ ಕಾರ್ನೋ ಅವರ ಮಿತಿ ಸುಮಾರು 18.5. ಒಳಗೆ 18 ಡಿಗ್ರಿ ಬೇಕೆಂದರೆ ಮಿತಿಯೇ ಸುಮಾರು 13ಕ್ಕೆ ಇಳಿಯುತ್ತದೆ. ನಿಜವಾದ ಯಂತ್ರ ಮಿತಿಗಿಂತ ಬಹಳ ಕೆಳಗಿರುತ್ತದೆ, ಆದರೆ ಇಳಿಯುವ ದಿಕ್ಕು ಅದೇ. ಯಂತ್ರದ ಗುಣವನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬೇಕು. ಒಳಗಿನ ಉಷ್ಣತೆ ಎಷ್ಟಿರಬೇಕು ಎಂಬುದು ರಿಮೋಟ್ ಹಿಡಿದವರ ಕೈಯಲ್ಲಿದೆ, ಅದಕ್ಕೆ ದುಡ್ಡು ಬೇಕಿಲ್ಲ.

ಇನ್ನು ನನ್ನ ಲೆಕ್ಕ. ತ್ರೀ ಸ್ಟಾರ್ ಲೇಬಲ್‌ನಲ್ಲಿ ವರ್ಷಕ್ಕೆ ಸುಮಾರು 1,000 ಯೂನಿಟ್, ಫೈವ್ ಸ್ಟಾರ್‌ನಲ್ಲಿ 750 ಎಂದಿತ್ತು. ಉಳಿತಾಯ 250 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 1,500 ರೂಪಾಯಿ. ಹೆಚ್ಚು ಕೊಟ್ಟ 8,000 ಐದೂವರೆ ವರ್ಷದೊಳಗೆ ವಾಪಸ್ ಬರುತ್ತದೆ. ಆದರೆ ಲೇಬಲ್‌ನ ಲೆಕ್ಕ 1,600 ಗಂಟೆಗಳದ್ದು. ನಾವು ಹಾಕುವುದು ನಾಲ್ಕು ತಿಂಗಳು, ರಾತ್ರಿ ಆರೇಳು ಗಂಟೆ, ಅಂದರೆ ಸುಮಾರು 800 ಗಂಟೆ. ಆಗ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಹಗಲಿಡೀ ಎ.ಸಿ. ಓಡುವ ಅಂಗಡಿಗೆ ಫೈವ್ ಸ್ಟಾರ್ ಲಾಭ, ನಮ್ಮ ಮನೆಗೆ ತ್ರೀ ಸ್ಟಾರ್ ಸಾಕು ಎಂದು ಅಬ್ಬಾಗೆ ಹೇಳಿದೆ. ಅವರು ಕಾಗದವನ್ನು ಎರಡು ಸಲ ಓದಿ ಒಪ್ಪಿದರು. ಉಳಿದ ದುಡ್ಡಿನಲ್ಲಿ ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಬಂತು, ಬಾಗಿಲಿನ ಸಂದು ಮುಚ್ಚಿದೆವು. ನೀವು ಕೊಳ್ಳುವಾಗ ಲೇಬಲ್‌ನ ವರ್ಷವನ್ನೂ ನೋಡಿ. ಆಗಾಗ ನಿಯಮ ಬಿಗಿಯಾಗುವುದರಿಂದ ಹಳೆಯ ಫೈವ್ ಸ್ಟಾರ್ ಇಂದು ಫೈವ್ ಸ್ಟಾರ್ ಆಗಿ ಉಳಿದಿರುವುದಿಲ್ಲ.

ಆದರೂ ದಾದಿ ಬಿಲ್ಲಿನ ಹೆದರಿಕೆಯಿಂದ ನಡುರಾತ್ರಿ ಎದ್ದು ಎ.ಸಿ. ಆರಿಸಿ, ಬೆವರಿನಲ್ಲೇ ಮಲಗುತ್ತಿದ್ದರು. 26 ಡಿಗ್ರಿಗೆ ಇಟ್ಟು ಫ್ಯಾನ್ ನಿಧಾನವಾಗಿ ಹಾಕಿದರೆ ಒಂದು ರಾತ್ರಿಗೆ ಎಷ್ಟು ಖರ್ಚು ಎಂದು ನಾನು ಉರ್ದುವಿನಲ್ಲಿ ಬರೆದು ಅವರ ತಲೆದಿಂಬಿನ ಪಕ್ಕ ಅಂಟಿಸಿದೆ. ಆಮೇಲೆ ಈ ಇನ್ನೊಬ್ಬ ಸಾದಿಯ ಕಥೆ ಹೇಳಿದೆ. 36ಕ್ಕೇ ಹೋದರು ಎಂದಾಗ ದಾದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ತಾಯಿಯ ಬಗ್ಗೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಅಂದು ರಾತ್ರಿ ದಾದಿ ಎ.ಸಿ. ಆರಿಸಲಿಲ್ಲ. ಬೆಳಿಗ್ಗೆ ಫಜರ್ ನಮಾಜಿಗೆ ನಾನೇ ಅವರನ್ನು ಎಬ್ಬಿಸಬೇಕಾಯಿತು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ