48ಕ್ಕೆ ನಿವೃತ್ತಿ, 90 ದಾಟಿದ ಮೇಲೆ ಗಂಗಾ ತೀರದಲ್ಲಿ ಕೆಲಸ: ಮುದ್ದೇನಹಳ್ಳಿಯ ಸರ್ ಎಂವಿ ಮುದುಕರಾಗದೇ ಉಳಿದದ್ದು ಹೇಗೆ?

ಚಿಕ್ಕಬಳ್ಳಾಪುರ: ಬೆಳಗ್ಗೆ ಎದ್ದ ಕೂಡಲೇ ಕೈ ಎಲ್ಲಿಗೆ ಹೋಗುತ್ತೆ? ಬಹಳ ಜನಕ್ಕೆ ದಿಂಬಿನ ಪಕ್ಕದ ಮೊಬೈಲ್‌ಗೆ. ಅರ್ಧ ಗಂಟೆ ಅದರಲ್ಲೇ ಕಳೆದು, ಆಮೇಲೆ ಗಡಿಬಿಡಿಯಲ್ಲಿ ಸ್ನಾನ, ನಿಂತಲ್ಲೇ ತಿಂಡಿ, ಬಸ್ಸಿಗೆ ಓಟ. ನಲವತ್ತಕ್ಕೇ ಮಂಡಿ ನೋವು, ಐವತ್ತಕ್ಕೇ ಸುಸ್ತು. ಅರವತ್ತಕ್ಕೆ ಪೆನ್ಷನ್ ಬಂತು ಅಂದರೆ ಜೀವನವೇ ಮುಗೀತು ಅನ್ನೋ ಹಾಗೆ ಜಗಲಿ ಮೇಲೆ ಕೂತುಬಿಡ್ತಾರೆ.

ಇದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಒಬ್ಬ ಬಡ ಹುಡುಗ 48ನೇ ವಯಸ್ಸಿಗೇ ಸರ್ಕಾರಿ ನೌಕರಿಯಿಂದ ನಿವೃತ್ತಿ ತಗೊಂಡರು. ಅದಾದ ಮೇಲೆ ಇನ್ನೂ 54 ವರ್ಷ ಹತ್ತಿರ ಹತ್ತಿರ ಬದುಕಿದರು. ಕನ್ನಂಬಾಡಿ ಅಣೆಕಟ್ಟು, ಮೈಸೂರು ವಿಶ್ವವಿದ್ಯಾಲಯ, ಮೈಸೂರು ಬ್ಯಾಂಕ್ ಅಂತ ಇವತ್ತು ಯಾವ ಕೆಲಸಗಳಿಗೆ ಅವರ ಹೆಸರು ಹೇಳುತ್ತೇವೋ ಅವೆಲ್ಲಾ ಆ ನಿವೃತ್ತಿ ಆದ ಮೇಲಿನವು. ಅವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯ, ಜನರ ಬಾಯಲ್ಲಿ ಸರ್ ಎಂವಿ.

ಅವರು ಕುಡಿದ ಕಷಾಯ ಯಾವುದು, ತಿಂದ ಲೇಹ್ಯ ಯಾವುದು ಅಂತ ಹುಡುಕಿದರೆ ಏನೂ ಸಿಗೋದಿಲ್ಲ. ಸಿಗೋದು ಬೆಳಗಿನ ಹೊತ್ತನ್ನು ಹಾಳು ಮಾಡದ ಒಂದು ಸಾದಾ ಶಿಸ್ತು ಮಾತ್ರ. ಆ ಶಿಸ್ತು ಬಂದದ್ದು ಎಲ್ಲಿಂದ ಅಂತ ತಿಳಿಯಬೇಕಾದರೆ ಅವರ ಬಾಲ್ಯಕ್ಕೆ ಹೋಗಬೇಕು.

ಅಪ್ಪ ಇಲ್ಲದ ಹುಡುಗ

1860ರ ಸೆಪ್ಟೆಂಬರ್ 15ರಂದು ನಂದಿ ಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ ಅವರ ಜನನ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆ ಇತ್ತು, ದುಡ್ಡು ಇರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಓದುತ್ತಿದ್ದ ಹುಡುಗ ಇನ್ನೂ ಮೀಸೆ ಮೂಡುವ ಮೊದಲೇ ತಂದೆಯನ್ನು ಕಳೆದುಕೊಂಡ.

ಮುಂದೆ ಓದೋದಕ್ಕೆ ಬೆಂಗಳೂರಿಗೆ ಹೋಗಬೇಕು. ಅಲ್ಲಿ ಸೋದರಮಾವ ರಾಮಯ್ಯನವರ ಆಸರೆ ಸಿಕ್ಕಿತು. ಆದರೂ ಕೈಖರ್ಚಿಗೆ ಮಾವನನ್ನು ಕೇಳುವ ಹಾಗಿರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಾ, ಕೊಡಗಿನ ಮೂಲದ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ನಿಭಾಯಿಸಿದರು. ಪಾಠ ಹೇಳುವ ಮನೆ ಒಂದು ಕಡೆ, ಊಟದ ಮನೆ ಇನ್ನೊಂದು ಕಡೆ, ಕಾಲೇಜು ಮತ್ತೊಂದು ಕಡೆ. ಎಲ್ಲಾ ಕಡೆಗೂ ಕಾಲ್ನಡಿಗೆ. ಹೊತ್ತಿಗೆ ಸರಿಯಾಗಿ ಏಳದಿದ್ದರೆ ಪಾಠ ತಪ್ಪುತ್ತೆ, ಪಾಠ ತಪ್ಪಿದರೆ ಓದು ನಿಲ್ಲುತ್ತೆ. ಮುಂದೆ ಇಡೀ ದೇಶ ಹೊಗಳಿದ ಸಮಯಪ್ರಜ್ಞೆ ಆ ಹುಡುಗನಿಗೆ ಶೋಕಿಯಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು.

1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಸೇರಿದರು. 1883ರಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು.

ಮಳೆ, ಕೆಸರು, ಕುದುರೆ ಸವಾರಿ

ಆ ಕಾಲದ ಎಂಜಿನಿಯರ್ ಕೆಲಸ ಕುರ್ಚಿ ಕೆಲಸ ಆಗಿರಲಿಲ್ಲ. ಬೆಳಗಾದರೆ ಕುದುರೆ ಏರಿ ಕಾಲುವೆ, ಕೆರೆ, ನದಿ ಪಾತ್ರ ಸುತ್ತಬೇಕು. ಖಾನ್‌ದೇಶದ ಪಾಂಜ್ರಾ ನದಿಗೆ ಅಡ್ಡಲಾಗಿ ಕೊಳವೆ ಕಾಲುವೆ ಕಟ್ಟುವ ಕೆಲಸ ಅವರ ಮೊದಲ ದೊಡ್ಡ ಪರೀಕ್ಷೆ. ಮಳೆಗಾಲದಲ್ಲಿ ನದಿ ಉಕ್ಕಿ ಬರುತ್ತಿದ್ದರೂ ಹೊಸದಾಗಿ ಸೇರಿದ ಆ ಯುವಕ ಕೆಲಸ ಮುಗಿಸಿ ತೋರಿಸಿದರು.

ಸಿಂಧ್‌ನ ಸುಕ್ಕೂರಿಗೆ ಶುದ್ಧ ನೀರು ಕೊಟ್ಟರು. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ನೀರಿನ ಒತ್ತಡಕ್ಕೆ ತಾನೇ ತೆರೆದು ತಾನೇ ಮುಚ್ಚುವ ಗೇಟುಗಳನ್ನು ರೂಪಿಸಿದರು. 1903ರಲ್ಲಿ ಅಳವಡಿಸಿದ ಆ ಗೇಟುಗಳೇ ಅವರ ಹೆಸರನ್ನು ಇಲಾಖೆಯಿಂದ ಆಚೆಗೂ ಒಯ್ದವು. 1906ರಲ್ಲಿ ಏಡನ್‌ಗೆ ಹೋಗಿ ಅಲ್ಲಿನ ನೀರು ಮತ್ತು ಒಳಚರಂಡಿ ವ್ಯವಸ್ಥೆ ಬಗ್ಗೆ ವರದಿ ಕೊಟ್ಟರು.

ಇಷ್ಟೆಲ್ಲಾ ಮಾಡಿದರೂ ಆಗಿನ ಬ್ರಿಟಿಷ್ ವ್ಯವಸ್ಥೆಯಲ್ಲಿ ಭಾರತೀಯನೊಬ್ಬ ಮುಖ್ಯ ಎಂಜಿನಿಯರ್ ಕುರ್ಚಿ ತನಕ ಹೋಗೋದು ಕಷ್ಟ. 1908ರಲ್ಲಿ ವಿಶ್ವೇಶ್ವರಯ್ಯನವರು ತಾವಾಗಿಯೇ ಸೇವೆಯಿಂದ ಹೊರಬಂದು ವಿದೇಶ ಪ್ರವಾಸಕ್ಕೆ ಹೊರಟರು. ಬೇರೆ ಯಾರಾದರೂ ಆಗಿದ್ದರೆ ಪೆನ್ಷನ್ ಹಿಡಿದು ಊರಿಗೆ ಬಂದು ಆರಾಮಾಗಿ ಇರಬಹುದಿತ್ತು.

ನಿವೃತ್ತಿಯ ನಂತರವೇ ಶುರುವಾದ ಜೀವನ

ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಹೈದರಾಬಾದ್‌ನ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮ್ ಸರ್ಕಾರ ವಿದೇಶದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ಕರೆ ಕಳಿಸಿತು. ಬಂದರು, ನದಿ ಜಾಡು ಹಿಡಿದು ಅಳೆದರು. ಪ್ರವಾಹ ತಡೆಯಲು ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಬೇಕು ಎಂದು ಯೋಜನೆ ಕೊಟ್ಟರು. ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕಟ್ಟಲು ಆ ಯೋಜನೆಯೇ ಆಧಾರವಾಯಿತು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ, 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. ಆರು ವರ್ಷದಲ್ಲಿ ಇಷ್ಟು ಕೆಲಸ ಹೇಗಾಯಿತು ಅಂದರೆ ಉತ್ತರ ಅವರ ದಿನಚರಿಯಲ್ಲೇ ಇದೆ.

ಬೆಳಗಿನ ಹೊತ್ತು ಹೀಗಿತ್ತು

ಬೇಗ ಏಳೋದು ಅವರಿಗೆ ಯಾವತ್ತೂ ತಪ್ಪದ ಅಭ್ಯಾಸ. ನೌಕರಿ ಇದ್ದಾಗ ಒಂದು, ಇಲ್ಲದಾಗ ಇನ್ನೊಂದು ಅಂತ ಇರಲಿಲ್ಲ. ದೇಹಕ್ಕೂ ಒಂದು ಗಡಿಯಾರ ಇರುತ್ತೆ. ದಿನಾ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಎದ್ದರೆ ನಿದ್ದೆ, ಹಸಿವು ಎಲ್ಲಾ ಹದಕ್ಕೆ ಬರುತ್ತೆ. ಭಾನುವಾರ ಹತ್ತು ಗಂಟೆ ತನಕ ಮಲಗಿ ಸೋಮವಾರ ಒದ್ದಾಡುವವರಿಗೆ ಇದು ಚೆನ್ನಾಗಿ ಗೊತ್ತು.

ಎರಡನೆಯದು ನಡಿಗೆ. ಮಾತಾಡ್ತಾ, ನಿಲ್ತಾ, ಕಾಫಿ ಕುಡೀತಾ ಹೋಗುವ ವಾಕಿಂಗ್ ಅಲ್ಲ, ಜೊತೆಯಲ್ಲಿ ಬಂದವರು ಹೆಜ್ಜೆ ಹಾಕೋದಕ್ಕೆ ಕಷ್ಟಪಡುವಂಥ ಚುರುಕು ನಡಿಗೆ. ಬೆಂಗಳೂರಿನಲ್ಲಿ ಪಾಠದ ಮನೆಗೂ ಊಟದ ಮನೆಗೂ ನಡೆದ ಕಾಲು ವೃದ್ಧಾಪ್ಯದಲ್ಲೂ ನಡಿಗೆ ಬಿಡಲಿಲ್ಲ. ಬಿರುಸಾಗಿ ನಡೆದರೆ ಹೃದಯಕ್ಕೆ ವ್ಯಾಯಾಮ, ಕಾಲಿನ ಸ್ನಾಯುಗಳಿಗೆ ಬಲ. ವಯಸ್ಸಾದವರು ಬೀಳೋದು ಕಾಲಿನ ಬಲ ಕುಗ್ಗಿದಾಗ. ನೋಡುವವರ ಕಣ್ಣಿಗೂ ಮನುಷ್ಯನ ವಯಸ್ಸು ಮೊದಲು ಕಾಣೋದು ನಡಿಗೆಯಲ್ಲೇ.

ಮೂರನೆಯದು ಉಡುಪು. ಜರಿ ಅಂಚಿನ ಮೈಸೂರು ಪೇಟ, ಕೋಟು, ಟೈ, ಮಡಿಕೆ ಕೆಡದ ಪ್ಯಾಂಟು. ಇಳಿವಯಸ್ಸಿನಲ್ಲಿ ಮನೆಗೆ ಯಾರಾದರೂ ನೋಡಲು ಬಂದರೂ ಇದೇ ವೇಷದಲ್ಲಿ ಸಿದ್ಧರಾಗಿ ಬಂದು ಕೂರುತ್ತಿದ್ದರು. ಎಲ್ಲಿಗೂ ಹೋಗೋದಿಲ್ಲ, ಮನೇಲೇ ತಾನೆ ಅಂತ ಮಧ್ಯಾಹ್ನದ ತನಕ ರಾತ್ರಿಯ ಬಟ್ಟೆಯಲ್ಲೇ ಇರುವವರು ಇದನ್ನು ಗಮನಿಸಬೇಕು. ಬೆಳಗ್ಗೆ ಸ್ನಾನ ಮುಗಿಸಿ, ಶುಭ್ರ ಬಟ್ಟೆ ತೊಟ್ಟು, ಬೆನ್ನು ನೇರ ಮಾಡಿ ಕೂತರೆ ಅರ್ಧ ವಯಸ್ಸು ಅಲ್ಲೇ ಇಳಿಯುತ್ತೆ.

ನಾಲ್ಕನೆಯದು ಮಿತ ಆಹಾರ. ಸಸ್ಯಾಹಾರ, ಅದೂ ಲೆಕ್ಕದಲ್ಲಿ, ಹೊತ್ತಿಗೆ ಸರಿಯಾಗಿ. ಬೀಡಿ ಸಿಗರೇಟು, ಮದ್ಯ ಹತ್ತಿರಕ್ಕೂ ಸೇರಿಸಲಿಲ್ಲ. ಹೊಗೆಸೊಪ್ಪು ಚರ್ಮವನ್ನು ಬೇಗ ಸುಕ್ಕುಗಟ್ಟಿಸುತ್ತೆ ಎಂದು ವೈದ್ಯರು ಈಗ ಹೇಳುತ್ತಾರೆ. ಮುಖಕ್ಕೆ ಸಾವಿರಾರು ರೂಪಾಯಿ ಕ್ರೀಮು ಹಚ್ಚಿ, ಆಮೇಲೆ ಟೀ ಅಂಗಡಿ ಮುಂದೆ ಸಿಗರೇಟು ಹಚ್ಚಿದರೆ ಪ್ರಯೋಜನ ಏನು?

ಐದನೆಯದು, ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು: ಎದ್ದಾಗ ಮಾಡಲು ಕೆಲಸ ಇರುತ್ತಿತ್ತು. ಇವತ್ತು ಏನೇನು ಆಗಬೇಕು, ಯಾರನ್ನು ಎಷ್ಟು ಹೊತ್ತಿಗೆ ನೋಡಬೇಕು ಎಂಬುದೆಲ್ಲಾ ಮೊದಲೇ ನಿಗದಿ. ನಿಮಿಷ ತಡವಾದರೂ ಅವರಿಗೆ ಆಗುತ್ತಿರಲಿಲ್ಲ. ಅಧಿಕಾರಿಗಳು ಅವರನ್ನು ಕಾಣಲು ಹೋಗುವಾಗ ಗಡಿಯಾರ ನೋಡಿಕೊಂಡೇ ಹೋಗುತ್ತಿದ್ದರು.

ಎಲ್ಲರಿಗೂ ಒಪ್ಪಿಗೆಯಾದವರಲ್ಲ

ಇಂಥ ಶಿಸ್ತಿನ ಮನುಷ್ಯ ಎಲ್ಲರಿಗೂ ಸಲೀಸಾಗಿರಲಿಲ್ಲ. ಕೆಳಗಿನವರಿಗೆ ಭಯ, ಸೋಮಾರಿಗಳಿಗೆ ಸಿಟ್ಟು. 1918ರಲ್ಲಿ ಹಿಂದುಳಿದ ವರ್ಗದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಹೆಚ್ಚು ಅವಕಾಶ ಕೊಡುವ ಪ್ರಶ್ನೆ ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಯೋಗ್ಯತೆಯೊಂದೇ ಅಳತೆಯಾಗಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಮಹಾರಾಜರ ನಿಲುವು ಬೇರೆ. ದಿವಾನಗಿರಿ ಬಿಟ್ಟರು. ಶತಮಾನ ಕಳೆದ ಮೇಲೆ ನೋಡಿದರೆ ಮಹಾರಾಜರು ಇಟ್ಟ ಹೆಜ್ಜೆಯಿಂದ ಎಷ್ಟೋ ಸಮುದಾಯಗಳ ಮಕ್ಕಳಿಗೆ ಬಾಗಿಲು ತೆರೆಯಿತು ಅನ್ನೋದು ಸತ್ಯ. ದೊಡ್ಡವರ ಎಲ್ಲಾ ತೀರ್ಮಾನಗಳೂ ಸರಿಯಾಗಿರಬೇಕು ಅಂತೇನಿಲ್ಲ.

ಆಗ ಅವರಿಗೆ 58. ಅಧಿಕಾರ ಹೋಯಿತು. ಮುಪ್ಪು ಬಂದು ಹಿಡಿಯೋದು ಇಂಥ ಹೊತ್ತಲ್ಲೇ. ಫೋನು ನಿಲ್ಲುತ್ತೆ, ಬಾಗಿಲಿಗೆ ಬರುವವರು ಕಡಿಮೆ ಆಗ್ತಾರೆ, ಮನುಷ್ಯ ಒಳಗಿಂದೊಳಗೇ ಕುಸೀತಾನೆ. ವಿಶ್ವೇಶ್ವರಯ್ಯನವರು ಕುಸಿಯಲಿಲ್ಲ. ದೇಶ ವಿದೇಶ ಸುತ್ತಿದರು, 1920ರಲ್ಲಿ ಭಾರತದ ಪುನರ್ನಿರ್ಮಾಣದ ಬಗ್ಗೆ ಪುಸ್ತಕ ಬರೆದರು. 1923ರಲ್ಲಿ ನಷ್ಟದ ಭೀತಿಯಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ಆರು ವರ್ಷ ನಡೆಸಿದರು. 1934ರಲ್ಲಿ ದೇಶಕ್ಕೆ ಯೋಜಿತ ಆರ್ಥಿಕತೆ ಬೇಕು ಎಂದು ಇನ್ನೊಂದು ಪುಸ್ತಕ ಬಂತು. ಆಗ ಅವರಿಗೆ 70 ದಾಟಿತ್ತು.

ವಯಸ್ಸು ಏರಿತು, ಕೆಲಸ ನಿಲ್ಲಲಿಲ್ಲ

1930ರ ದಶಕದ ಕೊನೆಯಲ್ಲಿ ಒರಿಸ್ಸಾದ ಪ್ರವಾಹ ಸಮಸ್ಯೆ ಬಗ್ಗೆ ಸಲಹೆ ಕೊಟ್ಟರು. 1946ರಲ್ಲಿ ಉದ್ಯಮಿಗಳ ನಿಯೋಗದ ಮುಂದಾಳಾಗಿ ಯುರೋಪ್, ಅಮೆರಿಕ ಸುತ್ತಿ ಬಂದರು. ಆಗ ವಯಸ್ಸು 80ರ ಮಧ್ಯ ದಾಟಿತ್ತು. 1951ರಲ್ಲಿ ತಮ್ಮ ಕೆಲಸದ ಬದುಕಿನ ನೆನಪುಗಳನ್ನು ಪುಸ್ತಕವಾಗಿ ತಂದರು.

1952ರಲ್ಲಿ ಬಿಹಾರದಲ್ಲಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕು ಎಂಬ ಜಗಳ ಎದ್ದಿತ್ತು. ತೀರ್ಮಾನ ಹೇಳಲು ಕೇಂದ್ರ ಸರ್ಕಾರ ಹುಡುಕಿದ್ದು 90 ದಾಟಿದ ಈ ಹಿರಿಯರನ್ನು. ದೆಹಲಿಯಲ್ಲಿ ಕೂತು ಕಾಗದ ನೋಡಿ ಸಹಿ ಹಾಕಬಹುದಿತ್ತು. ಅವರು ಬಿಸಿಲಲ್ಲಿ ನದಿ ದಂಡೆಗೇ ಹೋದರು. ಮೊಕಾಮಾ ಬಳಿ ಕಟ್ಟುವುದೇ ಸರಿ ಎಂದು ಶಿಫಾರಸು ಮಾಡಿದರು. 1959ರಲ್ಲಿ ಅಲ್ಲಿ ರಾಜೇಂದ್ರ ಸೇತುವೆ ಉದ್ಘಾಟನೆ ಆಯಿತು.

1955ರಲ್ಲಿ ಭಾರತರತ್ನ ಬಂತು. 1960ರಲ್ಲಿ ನೂರು ತುಂಬಿದಾಗ, ಅವರು ಇನ್ನೂ ಬದುಕಿರುವಾಗಲೇ, ಭಾರತ ಸರ್ಕಾರ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಅಂತ್ಯಸಂಸ್ಕಾರ ನಡೆದದ್ದು ಹುಟ್ಟಿದ ಮುದ್ದೇನಹಳ್ಳಿಯಲ್ಲೇ.

ನಾಳೆ ಬೆಳಗ್ಗೆ ಏನು ಮಾಡಬಹುದು?

ನೂರು ವರ್ಷ ಬದುಕೋದು ಎಲ್ಲರ ಕೈಯಲ್ಲಿಲ್ಲ. ಅದಕ್ಕೆ ಹುಟ್ಟಿನಿಂದ ಬಂದ ದೇಹಬಲವೂ ಬೇಕು, ಅದೃಷ್ಟವೂ ಬೇಕು. ಆದರೆ ಇರುವಷ್ಟು ದಿನ ಇನ್ನೊಬ್ಬರ ಕೈ ಹಿಡಿಯದೆ, ಮುಖದಲ್ಲಿ ಕಳೆ ಇಟ್ಟುಕೊಂಡು ಇರೋದು ಬಹಳ ಮಟ್ಟಿಗೆ ನಮ್ಮ ಅಭ್ಯಾಸದ ಮೇಲೇ ನಿಂತಿದೆ.

ನಾಳೆಯಿಂದ ದಿನಾ ಒಂದೇ ಹೊತ್ತಿಗೆ ಏಳಿ. ಮೊಬೈಲ್ ಮುಟ್ಟುವ ಮೊದಲು ಒಂದು ಲೋಟ ನೀರು ಕುಡಿದು ಹೊರಗಿನ ಬೆಳಕಿಗೆ ಬನ್ನಿ. ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ. ಸ್ನಾನ ಮಾಡಿ ಒಳ್ಳೆ ಬಟ್ಟೆ ಹಾಕಿಕೊಳ್ಳಿ, ಯಾರೂ ನೋಡದಿದ್ದರೂ ಸರಿ. ಹೊತ್ತಿಗೆ ಸರಿಯಾಗಿ ಹಿತಮಿತವಾಗಿ ತಿನ್ನಿ. ಆ ದಿನ ಆಗಬೇಕಾದ ಒಂದಾದರೂ ಕೆಲಸ ಚೀಟಿಯಲ್ಲಿ ಬರೆದುಕೊಳ್ಳಿ. ರಿಟೈರ್ ಆದವರಂತೂ ಈ ಚೀಟಿಯನ್ನು ಬಿಡಲೇಬಾರದು.

ಚಿಕ್ಕಬಳ್ಳಾಪುರದಿಂದ ಮುದ್ದೇನಹಳ್ಳಿ ದೂರವೇನಲ್ಲ. ಸರ್ ಎಂವಿ ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಸಮಾಧಿಯೂ ಅಲ್ಲೇ ಇದೆ. ಸೆಪ್ಟೆಂಬರ್ 15ರ ಎಂಜಿನಿಯರ್ಸ್ ಡೇ ದಿನ ಮಾತ್ರ ಹಾರ ಹಾಕಿ ಬರುವ ಬದಲು, ಯಾವುದಾದರೂ ಒಂದು ಬೆಳಗ್ಗೆ ಬಿಸಿಲೇರುವ ಮೊದಲು ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರಕೊಂಡು ಹೋಗಿ ಬನ್ನಿ. ನಂದಿ ಬೆಟ್ಟದ ಕಡೆಯಿಂದ ಬರುವ ತಂಗಾಳಿಯಲ್ಲಿ ಆ ಊರ ಬೀದಿಯಲ್ಲಿ ಎರಡು ಸುತ್ತು ನಡೆಯಿರಿ, ಬಿರುಸಾಗಿ.