ಕುಸಿದು ಎದ್ದ ಡೊರೊಥಿಯಾ ಡಿಕ್ಸ್

ರಾಲಿಯಲ್ಲಿರುವ ನಮ್ಮವರು ಡಿಕ್ಸ್ ಪಾರ್ಕ್ ನೋಡೇ ಇರ್ತೀರಿ. ಸೂರ್ಯಕಾಂತಿ ಹೂವಿನ ಮುಂದೆ ನಿಂತು ಫೋಟೋ ತೆಗೆದು ಊರಿಗೂ ಕಳಿಸಿರ್ತೀರಿ. ಆ ಗುಡ್ಡದ ಮೇಲೆ 1856ರಿಂದ 2012ರವರೆಗೆ ಮಾನಸಿಕ ರೋಗಿಗಳ ಆಸ್ಪತ್ರೆ ಇತ್ತು. ಅದಕ್ಕೆ ಕಾರಣರಾದ ಡೊರೊಥಿಯಾ ಡಿಕ್ಸ್ ಒಂದು ಕಾಲದಲ್ಲಿ ತಾವೇ ಮನಸ್ಸು ಕುಸಿದು ಮಲಗಿದ್ದವರು.

ಹುಟ್ಟಿದ್ದು 1802ರಲ್ಲಿ, ಮೇಯ್ನ್ ರಾಜ್ಯದಲ್ಲಿ. ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಬಾಸ್ಟನ್‌ನ ಅಜ್ಜಿ ಮನೆ ಸೇರಿ, ಚಿಕ್ಕ ವಯಸ್ಸಿಗೇ ಟೀಚರ್ ಆದರು. ಶಾಲೆ ನಡೆಸೋದು, ಮಕ್ಕಳಿಗೆ ಪುಸ್ತಕ ಬರೆಯೋದು, ಹೀಗೆ ಹಗಲು ರಾತ್ರಿ ದುಡಿಮೆ. 1836ರಲ್ಲಿ ದೇಹ, ಮನಸ್ಸು ಎರಡೂ ಕೈಕೊಟ್ಟವು. ಇಂಗ್ಲೆಂಡಿಗೆ ಹೋದಾಗ ಲಿವರ್‌ಪೂಲ್‌ನ ರಾತ್‌ಬೋನ್ ಕುಟುಂಬ ಅವರನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲಿಟ್ಟುಕೊಂಡು ನೋಡಿಕೊಂಡಿತು. ದುಡಿಯದೆ ಕೂತವರಿಗೂ ಬೆಲೆ ಇದೆ ಅನ್ನೋದನ್ನ ಆ ಮನೆ ತೋರಿಸಿಕೊಟ್ಟಿತು ಅಂತ ನನಗನ್ನಿಸುತ್ತೆ. ಅದೇ ದೇಶದ ಯಾರ್ಕ್ ಊರಲ್ಲಿ ಕ್ವೇಕರ್ ಕ್ರೈಸ್ತರು 1796ರಿಂದಲೇ ಮಾನಸಿಕ ರೋಗಿಗಳಿಗೆ ಸರಪಳಿ ಬಿಗಿಯದೆ, ಪ್ರೀತಿ, ವಿಶ್ರಾಂತಿ, ಸಣ್ಣಪುಟ್ಟ ಕೆಲಸ ಕೊಟ್ಟು ನೋಡಿಕೊಳ್ಳುತ್ತಿದ್ದರು. ಮನೋವೈದ್ಯಕ್ಕೆ ಅದು ಹೊಸ ದಾರಿ.

ಡಿಕ್ಸ್ ಅವರ ನಂಬಿಕೆಗೆ ಬಾಸ್ಟನ್‌ನ ಪಾದ್ರಿ ವಿಲಿಯಂ ಚಾನಿಂಗ್ ದಾರಿ ತೋರಿಸಿದವರು. ಪ್ರತಿ ಮನುಷ್ಯನಲ್ಲೂ ದೇವರ ಹೋಲಿಕೆ ಇದೆ ಅನ್ನೋದು ಅವರ ಬೋಧನೆ. 1841ರ ಮಾರ್ಚ್‌ನಲ್ಲಿ ಡಿಕ್ಸ್ ಈಸ್ಟ್ ಕೇಂಬ್ರಿಡ್ಜ್ ಜೈಲಿನ ಹೆಂಗಸರಿಗೆ ಭಾನುವಾರದ ಬೈಬಲ್ ಪಾಠ ಮಾಡಲು ಹೋದರು. ಅಲ್ಲಿ ಮಾನಸಿಕ ರೋಗಿಗಳನ್ನೂ ಕೂಡಿಹಾಕಿದ್ದರು. ಚಳಿಗೆ ಒಲೆಯೇ ಇಲ್ಲ. ಹುಚ್ಚರಿಗೆ ಚಳಿ ಗೊತ್ತಾಗಲ್ಲ ಅಂತ ಜೈಲಿನವರ ಉತ್ತರ. ಡಿಕ್ಸ್ ಕೋರ್ಟಿನವರೆಗೂ ಹೋಗಿ ಆ ಕೋಣೆಗೆ ಬೆಂಕಿ ಹಾಕಿಸಿದರು. ಹೀಟರ್ ಲೈನ್ ಎಳೆಯುವ ನಮ್ಮಂಥೋರಿಗೆ ಇದು ಸಣ್ಣ ಕೆಲಸ. ಅವರ ಹೊಸ ಬದುಕು ಶುರುವಾಗಿದ್ದು ಅಲ್ಲಿಂದ.

1848ರಲ್ಲಿ ನಾರ್ತ್ ಕ್ಯಾರೊಲಿನಾಕ್ಕೆ ಬಂದು ಜೈಲು, ನಿರ್ಗತಿಕರ ಮನೆ ಸುತ್ತಿ ವರದಿ ಬರೆದರು. ಶಾಸನಸಭೆ ಮೊದಲು ಒಪ್ಪಲಿಲ್ಲ. ಅದೇ ಹೊತ್ತಿಗೆ ಅವರಿದ್ದ ಹೋಟೆಲಿನಲ್ಲಿ ಶಾಸಕ ಜೇಮ್ಸ್ ಡಾಬಿನ್ ಅವರ ಹೆಂಡತಿ ಕಾಯಿಲೆ ಬಿದ್ದಿದ್ದರು. ಡಿಕ್ಸ್ ಅವರ ಆರೈಕೆ ಮಾಡಿದರು. ಸಾಯುವ ಮುಂಚೆ ಆಕೆ ಗಂಡನ ಹತ್ತಿರ ಕೇಳಿದ್ದು ಒಂದೇ, ಡಿಕ್ಸ್ ಅವರ ಮಸೂದೆಗೆ ಬೆಂಬಲ. ಡಾಬಿನ್ ಮಾತಾಡಿದರು, ಮಸೂದೆ ಪಾಸಾಯಿತು. ವಾಷಿಂಗ್ಟನ್‌ನಲ್ಲಿ 1855ರಲ್ಲಿ ತೆರೆದ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯೂ ಅವರ ಶ್ರಮದ ಫಲವೇ.

ಎಲ್ಲವೂ ಗೆಲುವಲ್ಲ. ರೋಗಿಗಳಿಗಾಗಿ 1 ಕೋಟಿಗೂ ಹೆಚ್ಚು ಎಕರೆ ಸರ್ಕಾರಿ ಜಮೀನು ಕೊಡಿಸುವ ಮಸೂದೆಯನ್ನು 1854ರಲ್ಲಿ ಅಧ್ಯಕ್ಷ ಪಿಯರ್ಸ್ ತಡೆದರು. ದಕ್ಷಿಣದ ಗುಲಾಮಗಿರಿ ವಿರುದ್ಧ ಡಿಕ್ಸ್ ದನಿ ಎತ್ತಲಿಲ್ಲ, ಅದು ಅವರ ಕೊರತೆ. ಕೊನೆಗಾಲವನ್ನು ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ, ತಾವೇ ಹೋರಾಡಿ ಕಟ್ಟಿಸಿದ ಆಸ್ಪತ್ರೆಯ ಕೋಣೆಯಲ್ಲಿ ಕಳೆದು, 1887ರಲ್ಲಿ ತೀರಿಕೊಂಡರು.

ಗೆಳೆಯರೇ, ಅಟ್ಲಾಂಟಾ, ಶಾರ್ಲೆಟ್, ವರ್ಜೀನಿಯಾ ಎಲ್ಲೇ ಇರಿ, ಕೆಲಸ ಹೋದಾಗ, ಊರಿಗೆ ದುಡ್ಡು ಕಳಿಸಕ್ಕಾಗದಿದ್ದಾಗ ನಾನು ಯಾಕೂ ಬೇಡ ಅನ್ನಿಸಬಹುದು. ಡಿಕ್ಸ್ ಮೊದಲು ಬೇರೆಯವರ ಆರೈಕೆ ಒಪ್ಪಿಕೊಂಡರು, ಆಮೇಲೆ ಎದ್ದರು. ಪ್ರಾರ್ಥನೆ ಮಾಡೋರು ಮಾಡಿ, ಡಾಕ್ಟರ ಹತ್ತಿರವೂ ಹೋಗಿ. ಎರಡಕ್ಕೂ ಜಗಳ ಇಲ್ಲ. ತೀರಾ ಕಷ್ಟ ಅನ್ನಿಸಿದರೆ ಈ ದೇಶದಲ್ಲಿ 988ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ. ರೂಮಿನಲ್ಲಿ ಯಾರಾದರೂ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದರೆ, ಹತ್ತಿರ ಹೋಗಿ ಕೂತುಕೊಳ್ಳಿ.